ನೆನೆಸಿಟ್ಟ ತತ್ತಿ

ಪೋರ್ಟ್-ಲೂಯಿ ಬಂದರಿನ ಮತುರಿನ್ ಗೆಗಾನ್ ಮೀಸೆ ಮೂಡುವ ಮೊದಲೇ ದೋಣಿ ಹತ್ತಿದವನು. ಬೂತಾಯಿ ಬಿಟ್ಟರೆ ಬೇರೆ ಮೀನಿನ ಬೆನ್ನು ಹತ್ತಿದವನಲ್ಲ. ಕಾಡ್ ಎಂಬ ದೊಡ್ಡ ಮೀನಿನ ಉಪ್ಪು ಹಾಕಿದ ತತ್ತಿಯನ್ನು ನೀರಿಗೆ ಎರಚಿದರೆ ಬೂತಾಯಿ ಆಳದಿಂದ ಎದ್ದು ಬಂದು ನೀಲಿ ಬಲೆಗೆ ಮೂತಿ ಕೊಡುತ್ತದೆ. ಎಷ್ಟು ಎರಚಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು ಎಂಬುದರಲ್ಲಿ ಅವನ ಕೈ ಪಳಗಿತ್ತು.

ಆ ತತ್ತಿ ಬರುತ್ತಿದ್ದುದು ನಾರ್ವೆಯಿಂದ. ಯುದ್ಧ ಶುರುವಾಗಿ ಜರ್ಮನ್ನರು ನಾರ್ವೆಯನ್ನು ಹಿಡಿದರು. ಇಲ್ಲಿಗೂ ಬಂದು, ಎದುರು ದಡದಲ್ಲಿ ತಮ್ಮ ಜಲಾಂತರ್ಗಾಮಿಗಳಿಗೆ ಕಾಂಕ್ರೀಟಿನ ಗೂಡು ಕಟ್ಟಿಕೊಂಡರು. ಮತುರಿನ್ ಬಳಿ ಉಳಿದದ್ದು ಒಂದೇ ಪೀಪಾಯಿ ತತ್ತಿ. ಅದರ ಮೇಲೆ ಹೆಂಡತಿ ಫಿಲೊಮೆನ್ ಚಳಿಗಾಲದಿಂದಲೂ ಕಣ್ಣಿಟ್ಟಿದ್ದಳು.

"ನಮಗೆ ದನ ತಿನ್ನೋ ಗೆಡ್ಡೆ, ಮೀನಿಗೆ ನಾರ್ವೆ ಊಟ! ಒಂದು ಹಿಡಿ ಕೊಡು, ಹುರೀತೀನಿ."

"ಜೂನ್‌ವರೆಗೂ ತಡ್ಕೊ ಮಾರಾಯ್ತಿ. ಬುಟ್ಟಿ ತುಂಬ ಬೂತಾಯಿ ತಂದ್ಕೊಡ್ತೀನಿ."

"ನಾನು ಮೀನಾಗಿಯಾದ್ರೂ ಹುಟ್ಟಬೇಕಿತ್ತು."

ಜೂನ್ ಬಂತು. ದೋಣಿಯ ಜೊತೆಗಾರ ಲೊಮಿಗ್ ಒಂದು ಸಂಜೆ ಏದುಸಿರು ಬಿಡುತ್ತಾ ಬಂದ. "ಮಾಮ, ದ್ವೀಪದಾಚೆ ಹಕ್ಕಿಗಳು ಮುಗಿಬೀಳ್ತಾ ಇವೆ! ಬೂತಾಯಿ ಹಿಂಡು ಬಂದಿದೆ!"

ಮತುರಿನ್‌ಗೆ ಹಳೆಯ ಕಾಲ ಮೈಮೇಲೆ ಬಂದಂತಾಯಿತು. ಆಗೆಲ್ಲ ಹಿಂಡು ಬಂತೆಂದರೆ ರಾತ್ರಿಯೇ ಪೀಪಾಯಿ ಪೂರಾ ನೆನೆಸಿಡುತ್ತಿದ್ದರು. ನೆನೆಸಿದ ತತ್ತಿ ಮರುದಿನ ಸಮುದ್ರಕ್ಕೆ ಬೀಳಲೇಬೇಕು, ಇಲ್ಲವಾದರೆ ಹುಳಿಯುತ್ತದೆ. ಅರ್ಧವನ್ನಾದರೂ ಉಳಿಸಿಕೋ ಎಂದು ಫಿಲೊಮೆನ್ ಗೋಗರೆದಳು. ಅವನು ಕಿವಿಗೆ ಹಾಕಿಕೊಳ್ಳದೆ ಇಡೀ ಪೀಪಾಯಿಗೆ ಸಮುದ್ರದ ನೀರು ಸುರಿದ.

ಬೆಳಗ್ಗೆ ಕೋಟೆಯ ಕೆಳಗೆ ಬಂದರಿನ ಬಾಯಿಗೆ ಉಕ್ಕಿನ ಬಲೆ ಎಳೆದಿದ್ದರು. ಕಾವಲಿನ ಜರ್ಮನ್ ಸಿಪಾಯಿ ಕೈ ಅಡ್ಡ ಹಿಡಿದ.

"ಇಲ್ಲ. ಕಾಯಿ."

"ಎಷ್ಟೊತ್ತು, ಸ್ವಾಮಿ?"

"ಕಾಯಿ."

ಎದುರು ದಡದಲ್ಲಿ ಜರ್ಮನ್ನರ ವಾದ್ಯದವರು ಸ್ವಾಗತಕ್ಕೆ ಸಾಲುಗಟ್ಟಿ ನಿಂತಿದ್ದರು. ಹುಡುಗಿಯರ ಕೈಯಲ್ಲಿ ಹೂವು. ಜಲಾಂತರ್ಗಾಮಿ ಬರುವ ದಿನ ಮೀನಿನ ದೋಣಿಗಳು ಅಲುಗುವಂತಿರಲಿಲ್ಲ.

"ಸಮುದ್ರ ಇವರಪ್ಪಂದು ನೋಡು," ಎಂದು ಮತುರಿನ್ ಹಲ್ಲು ಕಡಿದ. ಬಿಸಿಲೇರಿತು. ಪೀಪಾಯಿಗೆ ಒದ್ದೆ ಗೋಣಿ ಹೊದಿಸಿದ, ತೆಗೆದು ಮೂಸಿದ, ಮತ್ತೆ ಹೊದಿಸಿದ.

"ಎಷ್ಟು ಸಲ ಮೂಸ್ತೀಯ ಮಾಮ? ನಿನ್ನ ಮೂಗಿಗೇ ಹೆದರಿ ಹುಳಿಯುತ್ತೆ."

"ಬಾಯಿ ಮುಚ್ಚು!"

ಮಧ್ಯಾಹ್ನ ದಾಟಿತು. ಹುಡುಗಿಯರು ಹೂವನ್ನು ನೆರಳಿಗಿಟ್ಟು ಕೂತರು. ದೂರದಲ್ಲಿ ಹಕ್ಕಿಗಳ ಗುಂಪು ಮೆಲ್ಲಗೆ ತೆಂಕಣಕ್ಕೆ ಸರಿದು ಕಣ್ಮರೆಯಾಯಿತು. ಹೊತ್ತು ಇಳಿಯುವಾಗ ವಾದ್ಯದವರು ಒಂದು ಸ್ವರವನ್ನೂ ನುಡಿಸದೆ ತುತ್ತೂರಿಗಳನ್ನು ಪೆಟ್ಟಿಗೆಗೆ ಹಾಕಿದರು.

ಲೊಮಿಗ್ ಮತುರಿನ್‌ನ ತೋಳು ಹಿಂಡಿದ. "ಬರಲಿಲ್ಲ, ಮಾಮ! ಮುಳುಗಿಹೋಗಿರ್ಬೇಕು!" ಪಕ್ಕದ ದೋಣಿಗಳವರೂ ತಲೆ ತಗ್ಗಿಸಿ ನಗು ನುಂಗಿಕೊಂಡರು.

ಎರಡು ವರ್ಷದಿಂದ ಇಂಥ ಸುದ್ದಿಗೇ ಕಾದಿದ್ದ ಮತುರಿನ್‌ಗೆ ನಗು ಬರಲಿಲ್ಲ. "ಮುಳುಗೋದಾದ್ರೆ ಮುಳುಗಿದ ಸುದ್ದಿ ನಿನ್ನೆಯೇ ಬರಬಾರದಿತ್ತಾ? ಸಾಯೋವಾಗಲೂ ನನ್ನ ಒಂದು ದಿನ ತಿಂದು ಸತ್ತರಲ್ಲೋ!"

ಉಕ್ಕಿನ ಬಲೆ ತೆರೆಯುವಷ್ಟರಲ್ಲಿ, ದೋಣಿಗಳನ್ನು ಹೊರಕ್ಕೊಯ್ಯುವ ಸಮುದ್ರದ ಇಳಿತ ಮುಗಿದಿತ್ತು. ಗೋಣಿ ತೆಗೆದರೆ ತತ್ತಿ ನೊರೆಗಟ್ಟಿ ನಾರುತ್ತಿತ್ತು.

ಕಟ್ಟೆಯ ಮೇಲೆ ಫಿಲೊಮೆನ್ ಖಾಲಿ ಬುಟ್ಟಿ ಹಿಡಿದು ನಿಂತಿದ್ದಳು. ಮತುರಿನ್ ಅವಳ ಮುಖ ನೋಡದೆ ಪೀಪಾಯಿ ಉರುಳಿಸಿಕೊಂಡು ಹೋಗಿ ಕಟ್ಟೆಯಂಚಿನಿಂದ ನೀರಿಗೆ ಸುರಿದ. ಬಂದರಿನ ಕೊಳಕಿನಲ್ಲೇ ಮೇಯುವ ದಪ್ಪ ತಲೆಯ ಮೀನುಗಳು ಎಲ್ಲಿದ್ದವೋ, ಕಟ್ಟೆಯ ಬುಡದಲ್ಲೇ ನೀರು ಕುದಿಯುವಂತೆ ಮೇಲೆದ್ದವು. ಲೊಮಿಗ್ ಬಲೆಗೆ ಕೈ ಹಾಕಿದ.

"ಇಲ್ಲ!" ಸಿಪಾಯಿ ಬಂದೂಕು ಎತ್ತಿ ಕೂಗಿದ. ಬಂದರಿನೊಳಗೆ ಬಲೆ ಹಾಕುವುದು ನಿಷಿದ್ಧವಾಗಿತ್ತು.

ಮತುರಿನ್ ಖಾಲಿ ಪೀಪಾಯಿಯನ್ನು ಜಾಡಿಸಿ ಒದ್ದು, ಕಾಲು ಹಿಡಿದುಕೊಂಡು ಕುಕ್ಕರಿಸಿದ. ಫಿಲೊಮೆನ್ ಪಕ್ಕದಲ್ಲಿ ಬುಟ್ಟಿ ಬೋರಲು ಹಾಕಿ ಕೂತು, ಮೀನುಗಳು ಕಚ್ಚಾಡಿ ತಿನ್ನುವುದನ್ನೇ ನೋಡಿದಳು.

"ಬೈಯಲ್ವಾ?" ಅವನೇ ಕೇಳಿದ.

"ಮೊದಲು ಅವು ತಿಂದು ಮುಗಿಸ್ಲಿ," ಎಂದಳು ಅವಳು.