ಬಾಗಿಲ ಹಿಂದಿನ ಬುಡ್ಡಿ

ಗೋಣಿಚೀಲದ ವಾಸನೆ ಬಾರದ ಪುಟದಲ್ಲಿ ಆ ನಗೆಚಿತ್ರದ ಸಂಸಾರವನ್ನು ನಾನು ನೋಡುತ್ತಿರುವುದು ಇದೇ ಮೊದಲು. ಹೋದ ವಾರ ಪರಿಚಯದವರೊಬ್ಬರು ತಂದುಕೊಟ್ಟ ಈ ದಪ್ಪ ಪುಸ್ತಕದ್ದು ನುಣುಪು ಕಾಗದ. ತೆರೆದರೆ ಅಂಟಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಒಂದು ವಾರಪತ್ರಿಕೆಯ ಕೊನೆಯ ಪುಟದಲ್ಲಿ ಬರುತ್ತಿದ್ದ ಸಂಸಾರದ ನಗೆಚಿತ್ರಗಳನ್ನು ಒಟ್ಟು ಮಾಡಿ ಅಚ್ಚು ಹಾಕಿದ್ದಾರೆ. ಪತ್ರಿಕೆ ಕೈಗೆ ಬಂದೊಡನೆ ಹಿಂದಿನಿಂದ ತೆರೆಯುವ ಚಟ ಆ ಕಾಲದ ನಿಮಗೂ ಇದ್ದಿರಬೇಕು. ನಾನೂ ಆಸೆಯಿಂದಲೇ ತೆರೆದೆ. ಗುಮಾಸ್ತ ಗಂಡ, ಜಾಣ ಹೆಂಡತಿ, ಒಂದು ಗಂಡು, ಒಂದು ಹೆಣ್ಣು. ಮೊದಲ ಪುಟದಿಂದ ಕೊನೆಯವರೆಗೂ ಈ ನಾಲ್ವರೇ. ಮೊದಮೊದಲು ಇವರ ಜೊತೆಗಿದ್ದ ಮುದುಕಿ ಇಲ್ಲವೇ ಇಲ್ಲ. ಮುನ್ನುಡಿಗೆ ತಿರುಗಿ ನೋಡಿದರೆ, ಆರಂಭದಲ್ಲಿದ್ದ ಅನಗತ್ಯ ಪಾತ್ರಗಳು ಕ್ರಮೇಣ ತಾವಾಗಿಯೇ ಕಳಚಿಕೊಂಡವು, ಚಿತ್ರಮಾಲೆ ಚೊಕ್ಕವಾಯಿತು, ಚೊಕ್ಕವಾದ ಮೇಲಿನವನ್ನಷ್ಟೇ ಇಲ್ಲಿ ಆರಿಸಲಾಗಿದೆ ಎಂದು ಯಾರೋ ಬಲ್ಲವರು ಬರೆದಿದ್ದಾರೆ. ಓದಿ ನನಗೆ ಮೈಯೆಲ್ಲ ಉರಿಯಿತು. ಅನಗತ್ಯವಂತೆ. ತಾವಾಗಿಯೇ ಅಂತೆ.

ಮಾನ್ವಿಯಲ್ಲಿ ನಮ್ಮ ಮನೆಯದು ಖಾಲಿ ಚೀಲದ ವ್ಯಾಪಾರ. ಅಬ್ಬಾ ಮತ್ತು ಅವರ ತಮ್ಮ, ನಮ್ಮ ಚಾಚಾ, ಅಕ್ಕಿ ಗಿರಣಿಗಳಿಂದ ಹರಿದ ಗೋಣಿಚೀಲಗಳನ್ನು ತಂದು ಅಂಗಳದಲ್ಲಿ ಒಟ್ಟುತ್ತಿದ್ದರು. ಮನೆಯ ಹೆಂಗಸರು ದಬ್ಬಣ, ಸುತಳಿ ಹಿಡಿದು ಹೊಲಿಯುತ್ತಿದ್ದರು. ಓಣಿಯ ಶರಣಮ್ಮನೂ ಮಧ್ಯಾಹ್ನದ ಹೊತ್ತು ಹೊಲಿಯಲು ಬರುತ್ತಿದ್ದಳು. ಆ ಅಂಗಳಕ್ಕೆ ನನ್ನ ಅಜ್ಜಿ, ಅಬ್ಬಾನ ತಾಯಿ ದಾದಿಮಾ, ಯಜಮಾನಿ. ಚೀಲದ ಒಟ್ಟಿಲಿನ ಮೇಲೆ ಕೂತು ಪ್ರತಿ ಚೀಲದ ತೂತಿಗೂ ಮುಷ್ಟಿ ಹಾಕಿ ನೋಡುವಳು. ಮುಷ್ಟಿ ಹೊಕ್ಕರೆ ತೇಪೆ, ಹೊಗದಿದ್ದರೆ ಬರೀ ಹೊಲಿಗೆ. ಗಿರಣಿಯವರು ಆಕೆಯ ಮುಷ್ಟಿ ದಾಟಿದ ಚೀಲವನ್ನು ಮತ್ತೆ ಬಿಚ್ಚಿ ನೋಡುತ್ತಿರಲಿಲ್ಲ. ಮನೆಯಲ್ಲಿ ದಖನಿ ಉರ್ದು, ಬಾಗಿಲು ದಾಟಿದರೆ ಬಜಾರದ ಕನ್ನಡ, ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದಳು. ಆದರೆ ಕನ್ನಡದ ಒಂದಕ್ಷರವನ್ನೂ ಆಕೆಗೆ ಓದಲು ಬಾರದು. ಆ ಮನೆಯಿಂದ ಕನ್ನಡ ಶಾಲೆಗೆ ಹೋದ ಮೊದಲ ಹುಡುಗಿ ನಾನು. ನನಗೆ ಓದುವ ರೂಢಿಯಾಗಲೆಂದು ಅಬ್ಬಾ ರಾಯಚೂರು ಬಸ್ಸಿನಲ್ಲಿ ಬರುತ್ತಿದ್ದ ವಾರಪತ್ರಿಕೆಯನ್ನು ತರುತ್ತಿದ್ದರು. ಅದು ಚೀಲಗಳ ನಡುವೆ ಒಂದು ದಿನ ಬಿದ್ದಿದ್ದರೆ ಸಾಕು, ಅದಕ್ಕೂ ಗೋಣಿಯ, ತೌಡಿನ ವಾಸನೆ ಹತ್ತುತ್ತಿತ್ತು.

ಕೊನೆಯ ಪುಟವನ್ನು ನಾನು ಗಟ್ಟಿಯಾಗಿ ಓದಬೇಕು, ದಾದಿಮಾಗೆ ದಖನಿಯಲ್ಲಿ, ಶರಣಮ್ಮನಿಗೆ ನಮ್ಮೂರ ಕನ್ನಡದಲ್ಲಿ. ಚಿತ್ರದ ಸಂಸಾರದಲ್ಲಿ ಆಗ ಐದು ಜನ. ಐದನೆಯವಳು ಗಂಡನ ತಾಯಿ, ಮೂಲೆಯ ಮಂಚದ ಮೇಲೆ ಎಲೆಅಡಿಕೆ ಚೀಲ ಇಟ್ಟುಕೊಂಡು ಕೂತ ಮುದುಕಿ. ದಖನಿಯಲ್ಲಿ ಮುದುಕಿಗೆ ಅನ್ನುವ ಹಾಗೆ ನಾವು ಅವಳನ್ನು ಬುಡ್ಡಿ ಅನ್ನುತ್ತಿದ್ದೆವು. ಆಕೆಯ ಒಂದು ಚಿತ್ರ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಮಗ ಆಫೀಸಿನ ಫೈಲು ಕಾಣದೆ ಮನೆಯೆಲ್ಲ ಜಾಲಾಡುತ್ತಾನೆ. ಬುಡ್ಡಿ ಅದನ್ನು ಹಾಲಿನ ಪಾತ್ರೆಗೆ ಮುಚ್ಚಿರುತ್ತಾಳೆ. ಮರುವಾರ ಸಾಹೇಬರು ಆ ಫೈಲಿನ ಮೇಲಿನ ದುಂಡನೆಯ ಕಲೆಯನ್ನು ಮೇಲಧಿಕಾರಿಯ ಮೊಹರೆಂದು ತಿಳಿದು ಸಹಿ ಹಾಕುತ್ತಾರೆ. ದಾದಿಮಾ ಸೆರಗು ಬಾಯಿಗೆ ಒತ್ತಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಮನ್ಯಾಗ ಒಂದು ಬುಡ್ಡಿ ಇದ್ರ ಸರಕಾರದ ಕೆಲಸನೂ ಆಗ್ತದ ನೋಡು," ಅಂದಳು ಶರಣಮ್ಮ. ಅಂಥ ನಗುವಿಗೆ ಕೈಯಲ್ಲಿದ್ದ ದಬ್ಬಣಗಳು ನಿಂತುಬಿಡುತ್ತಿದ್ದವು.

ಒಂದು ವಾರ ಬುಡ್ಡಿ ಬರಲಿಲ್ಲ. ಮಗಳ ಮನೆಗೆ ಹೋಗಿರಬೇಕು ಅಂದುಕೊಂಡೆವು. ಎರಡನೆಯ ವಾರವೂ ಇಲ್ಲ. ಮೂರನೆಯ ವಾರ ಅವಳ ಮಂಚವೂ ಇರಲಿಲ್ಲ, ಆ ಮೂಲೆಯಲ್ಲಿ ಹೂದಾನಿ ಇತ್ತು. ಚಿಕ್ಕ ಸಂಸಾರವೇ ಸುಖ ಎಂದು ಗೋಡೆಗೋಡೆಗೂ ಬರೆಯುತ್ತಿದ್ದ ಕಾಲ. ಚಿತ್ರ ಬರೆಯುವವರಿಗೂ ಹಾಗೇ ಅನ್ನಿಸಿರಬೇಕು. ದಾದಿಮಾ ಪತ್ರಿಕೆಯನ್ನು ಕೈಗೆ ತೆಗೆದುಕೊಂಡು ಪುಟ ತಿರುವಿ ತಿರುವಿ ನೋಡಿದಳು. "ಸತ್ತಿದ್ರ ಸತ್ತಾಳಂತ ಹೇಳಬೇಕು. ಊರಿಗೆ ಹೋಗಿದ್ರ ಊರಿಗೆ ಹೋಗ್ಯಾಳಂತ ಹೇಳಬೇಕು. ಮನಿ ಮನ್ಷಾಳು ಇಲ್ಲದಂಗ ಆದ್ರೂ ಒಬ್ರೂ ಕೇಳವಲ್ರು, ಕುಂತು ಚಾ ಕುಡ್ಯಾಕತ್ತಾರ," ಅಂದಳು. ಆಕೆಗೆ ಬಂದ ಸಿಟ್ಟನ್ನು ಕಂಡು ನಾವು ಮಕ್ಕಳು ನಕ್ಕೆವು. ಆಕೆ ನಗಲಿಲ್ಲ. ನನ್ನನ್ನು ಕೂರಿಸಿಕೊಂಡು ಒಂದು ಇನ್‌ಲ್ಯಾಂಡ್ ಪತ್ರ ಬರೆಸಿದಳು. ಮಾನ್ಯ ಸಂಪಾದಕರೇ, ನಿಮ್ಮ ಕೊನೆಯ ಪುಟದ ಮುದುಕಿ ಎಲ್ಲಿದ್ದಾಳೆ, ಕ್ಷೇಮವೇ, ತಿಳಿಸಿ. ಅದಕ್ಕೆ ಉತ್ತರ ಬರಲಿಲ್ಲ. ಒಂದು ಕಾರ್ಡು ಬರೆದು ಹಾಕಿದ್ದರೆ ಅವರ ಪತ್ರಿಕೆ ಮುಳುಗಿಹೋಗುತ್ತಿತ್ತೇ ಎಂದು ನಾನು ಇವತ್ತಿಗೂ ಕೇಳುತ್ತೇನೆ.

ದಾದಿಮಾ ಅಷ್ಟೊಂದು ಯಾಕೆ ಹಚ್ಚಿಕೊಂಡಳು ಎಂಬುದು ನನಗೆ ಆಗ ಹೊಳೆಯಲಿಲ್ಲ. ಅದೇ ದಿನಗಳಲ್ಲಿ ನಮ್ಮ ಮನೆ ಎರಡಾಗುತ್ತಿತ್ತು. ಪ್ಲಾಸ್ಟಿಕ್ ಚೀಲ ಬರಲಾರಂಭಿಸಿ ಹೊಲಿಗೆಯ ಕೆಲಸ ಕುಗ್ಗಿತ್ತು. ಚಾಚಾ ದೇವದುರ್ಗದಲ್ಲಿ ಅಂಗಡಿ ನೋಡಿದ್ದರು, ಅಬ್ಬಾ ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಕೆಲಸ ಗೊತ್ತುಮಾಡಿಕೊಂಡಿದ್ದರು, ಮನೆ ಕೊಳ್ಳುವವರೂ ಬಂದು ನೋಡಿ ಹೋಗಿದ್ದರು. ಯಾರು ಎಲ್ಲಿಗೆ, ಯಾವ ಪಾತ್ರೆ ಯಾರಿಗೆ ಎಂದು ಪಡಸಾಲೆಯಲ್ಲಿ ದಿನವೂ ಮಾತು. ದಾದಿಮಾ ಯಾರ ಜೊತೆ ಎಂಬ ಮಾತು ಮಾತ್ರ ಆಕೆ ಒಳಗೆ ಬಂದೊಡನೆ ನಿಂತುಹೋಗುತ್ತಿತ್ತು. ಆಕೆ ಅಬ್ಬಾನ ಮುಖ ನೋಡುವಳು, ಚಾಚಾನ ಮುಖ ನೋಡುವಳು, ಹೊರಗೆ ಬಂದು ಚೀಲದ ತೂತಿಗೆ ಮುಷ್ಟಿ ಹಾಕುವಳು. ಆಮೇಲೆ ನನ್ನನ್ನು ಕರೆಯುವಳು. "ಬೇಟಿ, ಈ ವಾರನರ ಬುಡ್ಡಿ ಎಲ್ಲಿ ಅದಾಳಂತ ಬರದಾರೇನು?"

ಎಷ್ಟು ವಾರ ಇಲ್ಲ ಇಲ್ಲ ಎನ್ನುವುದು? ಒಂದು ವಾರ ನಾನು ಸುಳ್ಳು ಹೇಳಿದೆ. ಚಿತ್ರದ ಅಂಚಿನಲ್ಲಿ ಅರ್ಧ ತೆರೆದ ಬಾಗಿಲೊಂದು ಇರುತ್ತಿತ್ತು. ಅದರ ಮೇಲೆ ಬೆರಳಿಟ್ಟು, ಬುಡ್ಡಿ ಈ ಬಾಗಿಲ ಹಿಂದೆ ಇದ್ದಾಳೆ, ಕಾಲು ನೋವಂತೆ, ಒಳಗಿನಿಂದಲೇ ಸೊಸೆಗೆ ಏನೋ ಹೇಳುತ್ತಿದ್ದಾಳೆ ಎಂದು ಓದಿದೆ. ದಾದಿಮಾ ಆ ಬಾಗಿಲನ್ನು ಬಹಳ ಹೊತ್ತು ನೋಡಿದಳು. "ಕಾಲಿಗೆ ಎಳ್ಳೆಣ್ಣಿ ಹಚ್ಚಿ ತಿಕ್ಕಂತ ಹೇಳು," ಅಂದಳು. ಅಂದಿನಿಂದ ಪ್ರತಿ ವಾರ ಬುಡ್ಡಿ ಬಾಗಿಲ ಹಿಂದೆ ಇದ್ದಳು. ಅವಳ ಮಾತುಗಳನ್ನೆಲ್ಲ ನಾನೇ ಕಟ್ಟಿದೆ. ಅಳಿಸಿಹಾಕಿದವರ ಮೇಲೆ ನನಗಿದ್ದ ಸಿಟ್ಟಿಗೋ ಏನೋ, ಚಿತ್ರದಲ್ಲಿ ಅಚ್ಚಾದ ನಗೆಗಿಂತ ನನ್ನ ಬುಡ್ಡಿಯ ಮಾತಿಗೇ ಶರಣಮ್ಮ ಹೆಚ್ಚು ನಗುತ್ತಿದ್ದಳು.

ಕೊನೆಗೆ ದಾದಿಮಾಗೆ ಯಾರೂ ಏನೂ ಹೇಳಲೇ ಇಲ್ಲ. ಮನೆ ಬಿಡುವ ದಿನ ಆಕೆಯ ಟ್ರಂಕು ದೇವದುರ್ಗದ ಬಸ್ಸಿನ ಮೇಲೇರಿತು, ಆಗ ಆಕೆಗೂ ಗೊತ್ತಾಯಿತು. ರಾಯಚೂರಿನ ಮನೆ ಮಹಡಿಯ ಮೇಲಿದೆ, ಅಮ್ಮನಿಗೆ ಮೆಟ್ಟಿಲು ಹತ್ತುವುದಾಗದು ಎಂದು ಅಬ್ಬಾ ಬಂದವರಿಗೆಲ್ಲ ಹೇಳಿದರು. ಆಳೆತ್ತರದ ಒಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿ ಇಳಿಯುತ್ತಿದ್ದ ಹೆಂಗಸಿನ ಬಗ್ಗೆ ಆ ಮಾತು. ಕೇಳಿದವರೆಲ್ಲ ಹೌದೌದು ಎಂದು ತಲೆಯಾಡಿಸಿದರು. ಜಗಳವಿಲ್ಲ, ಕಣ್ಣೀರಿಲ್ಲ, ಎಲ್ಲವೂ ಚೊಕ್ಕವಾಗಿ ನಡೆಯಿತು. ಮುನ್ನುಡಿ ಬರೆದವರ ಆ ಶಬ್ದ ಕಂಡರೆ ನನಗೆ ಮೈ ಉರಿಯುವುದು ಇದಕ್ಕೇ.

ಚಾಚಾನ ಮನೆಯಲ್ಲಿ ಆಕೆಗೆ ಊಟಕ್ಕೆ, ಬಟ್ಟೆಗೆ ಕೊರತೆ ಇರಲಿಲ್ಲ, ಸುಳ್ಳು ಹೇಳಬಾರದು. ಅವರ ಮನೆಗೂ ಅದೇ ವಾರಪತ್ರಿಕೆ ಬರುತ್ತಿತ್ತು, ಚಾಚಾನ ಮಗಳು ಓದಿ ಹೇಳುತ್ತಿದ್ದಳು. ಮರುವರ್ಷ ಈದ್ ಕಳೆದ ಮೇಲೆ ನಾವು ನೋಡಲು ಹೋದೆವು. ದಾದಿಮಾ ಬಡವಾಗಿದ್ದಳು, ಕೈಗಳು ಹೊಲಿಗೆ ಮರೆತು ಮೆತ್ತಗಾಗಿದ್ದವು. ನಮ್ಮ ಜೊತೆ ಕೂತು ಉಂಡಳು, ನನ್ನ ಶಾಲೆಯ ವಿಚಾರ ಕೇಳಿದಳು. ಮಧ್ಯಾಹ್ನ ನಾವು ಬಸ್ಸಿಗೆ ಹೊರಟು ನಿಂತಾಗ ಅಬ್ಬಾನ ಕಡೆ ತಿರುಗಿದಳು.

"ಇಲ್ಲಿಗೆ ಬರೋ ಪುಸ್ತಕದಾಗ ಬುಡ್ಡಿ ಇಲ್ಲಂತಪ್ಪಾ. ಬಾಗಿಲ ಹಿಂದನೂ ಇಲ್ಲಂತ, ಈ ಮನಿ ಹುಡುಗಿ ಖರೇನ ಹೇಳ್ಯಾಳ. ನಿಮ್ಮ ಮನಿಗೆ ಬರೋದ್ರಾಗ ಅದಾಳ. ನಾನೂ ಅಲ್ಲಿಗೇ ಬರ್ತೀನಿ."

ಅಬ್ಬಾ ನನ್ನ ಮುಖ ನೋಡಿದರು. ಅವರಿಗೆ ಈ ಬಾಗಿಲು, ಬುಡ್ಡಿ ಯಾವುದೂ ತಿಳಿಯದು. ನನಗೆ ತಿಳಿದಿತ್ತು. ಕರೆದುಕೊಂಡು ಹೋಗೋಣ ಅಬ್ಬಾ, ಎನ್ನುವ ಒಂದು ಮಾತು ನನ್ನ ಬಾಯಲ್ಲಿ ಬರಬೇಕಿತ್ತು. ಆದರೆ ನನಗಾಗ ಅನಿಸಿದ್ದು, ಸದ್ಯ, ನನ್ನ ಸುಳ್ಳು ಸಿಕ್ಕಿಬೀಳಲಿಲ್ಲ ಎಂಬ ನೆಮ್ಮದಿ. ಪತ್ರಿಕೆಯವರನ್ನು, ಮುನ್ನುಡಿಯವರನ್ನು, ಅಬ್ಬಾನನ್ನು, ಎಲ್ಲರನ್ನೂ ಬೈದು ಮುಗಿಸಿದ ಮೇಲೆ ನಾನು ಬಂದು ನಿಲ್ಲುವುದು ಆ ನೆಮ್ಮದಿಯ ಮುಂದೆ. ಅದಕ್ಕೆ ನನ್ನಲ್ಲಿ ಕ್ಷಮೆ ಇಲ್ಲ. ಬಸ್ಸಿಗೆ ಹೊತ್ತಾಯಿತು, ಮುಂದಿನ ಸಲ ನೋಡೋಣ ಅಮ್ಮಾ, ಎಂದರು ಅಬ್ಬಾ. ದಾದಿಮಾ ಹೂಂ ಅಂದಳು. ಆಕೆ ಬುರ್ಖಾ ತೊಟ್ಟಾಗಿತ್ತು, ಚಪ್ಪಲಿಯನ್ನೂ ಮೆಟ್ಟಿದ್ದಳು. ಚಪ್ಪಲಿಗಳನ್ನು ಒಂದೊಂದಾಗಿ ಬಿಟ್ಟು ಗೋಡೆಗೆ ಸೇರಿಸಿಟ್ಟು, ನಾವು ಓಣಿ ತಿರುಗುವವರೆಗೆ ಬರಿಗಾಲಲ್ಲಿ ಬಾಗಿಲಲ್ಲಿ ನಿಂತಿದ್ದಳು.