ಗೌರಿ ತೀರಿಕೊಂಡ ಸುದ್ದಿ

ನಾನು ಚಿಕ್ಕವನಿದ್ದಾಗ ಒಂದು ಇಂಗ್ಲಿಷ್ ಕಾದಂಬರಿ ಓದಿ, ಅಕ್ಕನ ಗಂಡನ ಮನೆಯವರಿಗೆಲ್ಲ ತಣ್ಣೀರು ಸ್ನಾನ ಮಾಡಿಸಿಬಿಟ್ಟೆ, ಮಕ್ಕಳೇ. ನೀವು ನಗುತ್ತೀರಿ. ಆಗ ನನಗೆ ನಗು ಬರಲಿಲ್ಲ.

ಹೈಸ್ಕೂಲಿಗೆಂದು ಹಾಸನದ ಬಾಡಿಗೆ ಕೋಣೆಯೊಂದರಲ್ಲಿ ಒಬ್ಬನೇ ಇದ್ದೆ. ಸೀಮೆಎಣ್ಣೆ ಒಲೆಯ ವಾಸನೆ, ಬೆಳಿಗ್ಗೆ ಮಾಡಿಟ್ಟ ತಣ್ಣನೆಯ ಮುದ್ದೆ, ಮಾತಿಗೆ ಒಂದು ನರಪಿಳ್ಳೆಯೂ ಇಲ್ಲ. ಮೇಷ್ಟ್ರು ಕೊಟ್ಟ ಆ ಹಳೆಯ ಕಾದಂಬರಿಯಲ್ಲಿ ತಬ್ಬಲಿ ಹುಡುಗಿಯೊಬ್ಬಳು ಯಾರದೋ ದೊಡ್ಡ ಮನೆಯಲ್ಲಿ ದುಡಿಯುತ್ತಿದ್ದಳು. ಅಲ್ಲಿ ಹಿಮ ಸುರಿಯುತ್ತಿತ್ತು. ನಾನು ಕಂಡದ್ದು ಅವರೆ ಹೊಲದ ಇಬ್ಬನಿ ಮಾತ್ರ. ಆದರೂ ಓದುತ್ತ ಓದುತ್ತ ಕಾಲು ತಣ್ಣಗಾಗುತ್ತಿತ್ತು. ಅವಳಿಗೂ ನನ್ನ ಹಾಗೆ ಯಾರೂ ಇಲ್ಲವಲ್ಲ ಎಂದು ಅಳು ಬರುತ್ತಿತ್ತು.

ಶನಿವಾರ ಹಳ್ಳಿಮೈಸೂರಿನ ಹತ್ತಿರದ ನಮ್ಮೂರಿಗೆ ಹೋದಾಗ ಆ ಕಥೆಯನ್ನು ಅಕ್ಕನಿಗೆ ಹೇಳುತ್ತಿದ್ದೆ. ಅವಳು ರಾಗಿ ಬೀಸುತ್ತ ಕೇಳುತ್ತಿದ್ದಳು. ಇಂಗ್ಲಿಷ್ ಹೆಸರು ನಾಲಿಗೆ ಮೇಲೆ ಹೊರಳದೆ, ಹುಡುಗಿಗೆ ಗೌರಿ ಎಂದು ತಾನೇ ಹೆಸರಿಟ್ಟಳು. ಕಥೆ ಮುಗಿಯುವ ಮೊದಲೇ ಅಕ್ಕ ಮದುವೆಯಾಗಿ ಅರಕಲಗೂಡಿನ ಕಡೆಗೆ ಹೋದಳು. ಕೊನೆಯ ಪುಟ ಓದಿದ ದಿನ ಹೇಳಿಕೊಳ್ಳಲು ಯಾರೂ ಇರಲಿಲ್ಲ. ತಡೆಯಲಾರದೆ ಅವಳಿಗೆ ಒಂದು ಕಾರ್ಡು ಬರೆದೆ: "ಗೌರಿ ತೀರಿಕೊಂಡಳು. ನನಗೆ ಊಟ ಸೇರುತ್ತಿಲ್ಲ."

ಅಕ್ಕನಿಗೆ ಓದು ಬಾರದು. ಅವಳ ಮಾವ ಕಾರ್ಡನ್ನು ಬೀದಿಯಲ್ಲೇ ಗಟ್ಟಿಯಾಗಿ ಓದಿ, ಯಾರೋ ಹತ್ತಿರದ ನೆಂಟರೆಂದುಕೊಂಡರಂತೆ. ಸಾವಿನ ಕಾಗದ ಒಳಗೆ ಬರಬಾರದೆಂದು ಅಲ್ಲೇ ಹರಿದು, ಎಲ್ಲರಿಗೂ ತಲೆಗೆ ನೀರು ಹಾಕಿಸಿ, ಅಕ್ಕನನ್ನು ತವರಿನ ಬಸ್ಸು ಹತ್ತಿಸಿದರಂತೆ. ಆ ಶನಿವಾರ ನಾನು ಊರು ಮುಟ್ಟಿದಾಗ ಅಕ್ಕ ತಲೆ ಕೆದರಿಕೊಂಡು ಜಗಲಿಯ ಮೇಲೆ ಕೂತಿದ್ದಳು.

"ಯಾರ್ಲಾ ಗೌರಿ?" ಎಂದು ಅಪ್ಪ ಗದರಿದರು. ಕಾದಂಬರಿಯ ಹುಡುಗಿ ಎಂದು ನಿಜ ಹೇಳಿದೆ.

"ಥೂ, ಮಾನ ಕಳ್ದಲ್ಲೋ! ನಾಳೀಕೇ ಇವ್ಳನ್ನ ವಾಪಸ್ ಬಿಟ್ಟು, ತಪ್ಪಾಯ್ತು ಅಂತ ಕೇಳ್ಕಂಡು ಬತ್ತೀನಿ."

ಅಕ್ಕ ತಲೆ ಎತ್ತಲಿಲ್ಲ. "ಕತೆ ಅಂತ ನಂಗೊತ್ತಿತ್ತು ಕಣಪ್ಪಾ. ಅಂಗಂದಿದ್ರೆ ಕಳಿಸ್ತಿದ್ರಾ? ಅಲ್ಲಿ ನನ್ ಕುಟೆ ಯಾರೂ ಮಾತಾಡಾಕಿಲ್ಲ."

ಅಪ್ಪ ಹೆಗಲ ಟವೆಲ್ಲು ಕೊಡವಿ, "ಸಾವಿಗೆ ಬಂದ್ಮೇಲೆ ಅನ್ನೊಂದು ದಿನದ ತಿಥಿ ಮುಗಿಸ್ಕಂಡೇ ಓಗ್ಬೇಕಲ್ವಾ" ಎಂದು ಹೊಲದ ಕಡೆ ನಡೆದರು.

ಆ ಸಂಜೆ ಅಕ್ಕ ಕಥೆಯ ಕೊನೆಯನ್ನು ಎರಡು ಸಲ ಹೇಳಿಸಿಕೊಂಡು, ಎರಡು ಸಲವೂ ಅತ್ತಳು. ಗೌರಿಗಾಗಿ ಅತ್ತಳೋ ತನಗಾಗಿ ಅತ್ತಳೋ, ನಾನು ಕೇಳಲಿಲ್ಲ.

ನಿಮಗೀಗ ನಿಮ್ಮಕ್ಕನ ನೆನಪಾದರೆ ಅವಳ ಮುಖ ಫೋನಿನಲ್ಲಿ ಬಂದು ನಗುತ್ತದೆ. ನಮ್ಮಕ್ಕ ಹನ್ನೊಂದು ದಿನ ತವರಿನಲ್ಲಿರಲು ಒಬ್ಬ ಹುಡುಗಿ ಸಾಯಬೇಕಾಯಿತು, ಅದೂ ಇಂಗ್ಲೆಂಡಿನಲ್ಲಿ.