ವೈದ್ಯನ ಶಕ್ತಿಗೆ ಹೊಸ ನಿಯಮ

ಕುಮಟಾದ ಒಂದು ಮನೆಗೆ ಫ್ರಿಜ್ ರಿಪೇರಿಗೆ ಹೋದಾಗ ಒಳಗೆ ಜಗಳ ನಡೆಯುತ್ತಿದೆ ಅಂದುಕೊಂಡೆ. ನೋಡಿದರೆ ಆಟ. ಮೇಜಿನ ಸುತ್ತ ಕೂತು ದಾಳ ಉರುಳಿಸುತ್ತ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತಿದ್ದರು. ಕಥೆ ನಡೆಸುವವಳು ಆ ಮನೆಯ ಸವಿತಾ. ಗಾಯಾಳುಗಳನ್ನೆಲ್ಲ ಒಂದೇ ಮಂತ್ರಕ್ಕೆ ಗುಣಪಡಿಸುತ್ತಿದ್ದ ಕಥೆಯ ವೈದ್ಯ, ಆಟದ ಹೊಸ ನಿಯಮ ಪುಸ್ತಕದ ಪ್ರಕಾರ ಇನ್ನು ಒಂದು ಸಲಕ್ಕೆ ಒಬ್ಬರನ್ನಷ್ಟೇ ಉಳಿಸಬಹುದಂತೆ.

"ಹಾಗಾದ್ರೆ ನಾನು ಎಂತಕ್ಕೆ ಬರೋದು ಸವಿತಕ್ಕಾ?" ಎಂದ, ವೈದ್ಯನಾಗಿ ಆಡುವ ಗಣಪತಿ.

"ಮೊದಲು ಯಾರಿಗೂ ಸಾಯುವ ಹೆದರಿಕೆಯೇ ಇರ್ಲಿಲ್ಲ. ಆಟ ಸಪ್ಪೆ ಆಗಿತ್ತು."

ಗಣಪತಿ ದಾಳಗಳನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಸವಿತಾ ನನ್ನ ಕಡೆ ತಿರುಗಿ, "ನೀವೇ ಹೇಳಿ" ಅಂದಳು.

ನನಗೆ ಆಟದ ಗಂಧಗಾಳಿ ಇಲ್ಲ. ತಪ್ಪಿಸಿಕೊಳ್ಳಲು ನಮ್ಮೂರಿನ ರಂಪಣಿ ಬಲೆಯ ವಿಷಯ ತೆಗೆದೆ. ದಡದಲ್ಲಿ ನಿಂತು ಆ ದೊಡ್ಡ ಬಲೆ ಎಳೆಯಲು ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು, ನೋಡುತ್ತ ನಿಂತವರಿಗೆ ಇಲ್ಲ.

ಸವಿತಾ ಪುಸ್ತಕ ಮುಚ್ಚಿಟ್ಟಳು. "ಆತು. ಶತ್ರುವಿಗೆ ಹೊಡೆಯುವ ತಮ್ಮ ಸರದಿ ಬಿಟ್ಟುಕೊಟ್ಟು ವೈದ್ಯನ ಕೈ ಹಿಡಿದವರೆಲ್ಲ ಗುಣ ಆಗ್ಲಿ."

ಗಣಪತಿ ದಾಳಗಳನ್ನು ಮತ್ತೆ ಮೇಜಿನ ಮೇಲಿಟ್ಟ.

ನಾನು ಫ್ರಿಜ್ ಸರಿಸಲು ಹೋದರೆ ಎಲ್ಲರೂ ಎದ್ದು ಬಂದು ಕೈ ಹಾಕಿದರು. ಎಷ್ಟು ಒಳ್ಳೆಯ ಜನ ಅಂದುಕೊಂಡೆ. ಫ್ರಿಜ್ಜಿನೊಳಗೆ ಐಸ್‌ಕ್ರೀಮ್ ಕರಗುತ್ತಿದ್ದದ್ದು, ಕೈ ಹಾಕಿದವರಿಗೆಲ್ಲ ಅದರಲ್ಲಿ ಪಾಲು ಎಂಬುದು ಆಮೇಲೆ ತಿಳಿಯಿತು.